ಕ್ಯಾಮರಾ ಯಾರ ಕೈಯಲ್ಲಿ?

ಮಲವಗೊಪ್ಪದ ನಾವು ಗಿರೀಶ್ ಕಾಸರವಳ್ಳಿಯವರ ಬದುಕನ್ನು ಓದಬೇಕಾದ್ದು ಅವರ ನಾಲ್ಕು ಸ್ವರ್ಣಕಮಲ ಎಣಿಸಲಿಕ್ಕಲ್ಲ. ಅವರು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದವರು. ಔಷಧ ವಿಜ್ಞಾನ ಓದಿ, ಅದನ್ನು ಬಿಟ್ಟು, ಪುಣೆಯಲ್ಲಿ ಸಿನಿಮಾ ಕಲಿತರು. ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಬಸುರಾದ ವಿಧವೆಗೆ ಬದುಕಿರುವಾಗಲೇ ತಿಥಿ ಮಾಡುವ ಧರ್ಮವನ್ನು ಒಬ್ಬ ಹುಡುಗನ ಕಣ್ಣಿಂದ ತೋರಿಸಿದರು.

ತೇಜಸ್ವಿಯವರ ಕಥೆಯಿಂದ ಬಂದ 1986ರ 'ತಬರನ ಕಥೆ' ನಮ್ಮ ಎದೆಗೇ ತಾಕುತ್ತದೆ. ಪಿಂಚಣಿಗಾಗಿ ಕಚೇರಿ ಅಲೆದು ಅಲೆದು ಹೆಂಡತಿಯನ್ನೇ ಕಳಕೊಂಡ ಆ ಸಣ್ಣ ನೌಕರ ಯಾರು? ನಮ್ಮಪ್ಪ, ನಮ್ಮ ದೊಡ್ಡಪ್ಪನ ಹಾಗೇ ಇಲ್ಲವೇನು?

ಕಾಸರವಳ್ಳಿ ಮೇಷ್ಟ್ರೂ ಹೌದು. ಬೆಂಗಳೂರಿನ ಆದರ್ಶ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಂಶುಪಾಲರಾಗಿದ್ದರು. ನಮಗೆ ದೊಡ್ಡದು ಇದೇ. ಅಕ್ಷರವನ್ನು ನಮ್ಮಿಂದ ಮುಚ್ಚಿಟ್ಟ ಹಾಗೆ ಕ್ಯಾಮರಾವನ್ನೂ ಮುಚ್ಚಿಡಬಹುದಿತ್ತು. ಕಲಿತವರು ಕಲಿಸಿದರೆ ಮಾತ್ರ ಆ ಬೀಗ ತೆರೆಯುತ್ತದೆ.

ಅಗ್ರಹಾರದ ಒಳಮನೆ ಬಲ್ಲವರು ಅದರ ಕಥೆ ಹೇಳಿದರು. ಕೇರಿಯ ಕಥೆಯನ್ನು ಇನ್ನೆಷ್ಟು ಕಾಲ ಬೇರೆಯವರು ಹೇಳಬೇಕು? ಇವತ್ತು ಕೂಲಿಯವನ ಮಗಳ ಫೋನಿನಲ್ಲೂ ಕ್ಯಾಮರಾ ಇದೆ. ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಅವಳಿಗೆ ಬೇಕಾದ್ದು ನೋಡುವುದನ್ನು ಕಲಿಸುವವರು. ಆ ಕೆಲಸ ನಮ್ಮದು.