ಊಜಿ ನೊಣದ ಜೊತೆ ಬಂದ ಕಾಣದ ಜೀವಿ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್ ಆದ ಮೇಲೆ ಉರಿಗಾಂ ಸಿಗುತ್ತದೆ. ಹೊರಗಿನವರಿಗೆ ಈ ಹೆಸರು ಕೇಳಿದರೆ ಚಿನ್ನದ ಗಣಿ ನೆನಪಾಗುತ್ತದೆ. ಗಣಿ 2001ರಲ್ಲೇ ಮುಚ್ಚಿತು. ಆದರೆ ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಚಿನ್ನ ಇವತ್ತಿಗೂ ಬೆಳೆಯುತ್ತಿದೆ. ಅದು ರೇಷ್ಮೆ ಗೂಡು.

ಹುಳು ಸಾಕಿದವರಿಗೆ ಊಜಿ ನೊಣದ ಪರಿಚಯ ಹೇಳಬೇಕಿಲ್ಲ. ಹುಳುವಿನ ಮೈಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಒಳಗೆ ಕೊರೆದು ಹೋಗುತ್ತದೆ, ಹೊರಗೆ ಕಪ್ಪು ಕಲೆ ಉಳಿಯುತ್ತದೆ. ಎಳೆ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಗೂಡು ಕಟ್ಟಿದರೂ ಮರಿ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡಿನ ನೂಲು ಬಿಚ್ಚಲು ಬರುವುದಿಲ್ಲ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೂ ಇಲ್ಲ.

ಈ ನೊಣ ಮೊದಲಿನಿಂದ ನಮ್ಮದಲ್ಲ. ಬಂಗಾಳದ ಕಡೆ ಹಳೆಯ ಪಿಡುಗಾಗಿದ್ದ ಇದು ಕರ್ನಾಟಕಕ್ಕೆ ಕಾಲಿಟ್ಟಿದ್ದು 1980ರಲ್ಲಿ. ಅದು ಬರುವಾಗ ಒಂಟಿಯಾಗಿ ಬರಲಿಲ್ಲ ಎಂದು ತಿಳಿಯಲು ಮತ್ತೆ 25 ವರ್ಷ ಬೇಕಾಯಿತು. ಅದರ ಜೀವಕೋಶಗಳ ಒಳಗೆ ಒಂದು ಬ್ಯಾಕ್ಟೀರಿಯಾ ಇತ್ತು. ಹೆಸರು ವೊಲ್ಬಾಕಿಯಾ.

ಇದರ ಕಥೆ ಸೊಳ್ಳೆಯಿಂದ ಶುರುವಾಗುತ್ತದೆ. 1924ರಲ್ಲಿ ಅಮೆರಿಕದ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ಇಬ್ಬರು ಕ್ಯೂಲೆಕ್ಸ್ ಸೊಳ್ಳೆಯ ಒಳಗೆ ಇದನ್ನು ಕಂಡರು. 1936ರಲ್ಲಿ ಹರ್ಟಿಗ್ ತನ್ನ ಜೊತೆಗಾರನ ಹೆಸರನ್ನೇ ಅದಕ್ಕೆ ಇಟ್ಟರು. ಅದು ಏನು ಮಾಡುತ್ತದೆಂದು ಆಗ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಜರ್ಮನಿಯ ಲಾವೆನ್, ಬೇರೆ ಬೇರೆ ಊರಿನ ಒಂದೇ ಜಾತಿಯ ಸೊಳ್ಳೆಗಳನ್ನು ಕೂಡಿಸಿದರೆ ಕೆಲವು ಜೋಡಿಗಳ ಮೊಟ್ಟೆ ಒಡೆಯುವುದೇ ಇಲ್ಲ ಎಂದು ತೋರಿಸಿದರು. ಈ ಗುಣ ತಾಯಿಯಿಂದ ಮಾತ್ರ ಬರುತ್ತಿತ್ತು. ಕಾರಣ ವೊಲ್ಬಾಕಿಯಾ ಎಂದು ಯೆನ್ ಮತ್ತು ಬಾರ್ 1971ರಲ್ಲಿ ಹೇಳಿದರು.

ಲೆಕ್ಕ ಹೀಗಿದೆ. ಈ ಬ್ಯಾಕ್ಟೀರಿಯಾ ಮುಂದಿನ ತಲೆಮಾರಿಗೆ ದಾಟುವುದು ಮೊಟ್ಟೆಯ ಮೂಲಕ, ಅಂದರೆ ತಾಯಿಯಿಂದ. ಗಂಡಿನಿಂದ ದಾಟುವುದಿಲ್ಲ. ಹಾಗಾಗಿ ಅದು ಗಂಡಿನ ವೀರ್ಯಕ್ಕೆ ಒಂದು ಬೀಗ ಹಾಕುತ್ತದೆ. ಬೀಗದ ಕೈ ಇರುವುದು ಅದೇ ಬ್ಯಾಕ್ಟೀರಿಯಾ ಇರುವ ಮೊಟ್ಟೆಯಲ್ಲಿ. ಬ್ಯಾಕ್ಟೀರಿಯಾ ಇಲ್ಲದ ಹೆಣ್ಣು ಅಂಥ ಗಂಡಿನ ಜೊತೆ ಕೂಡಿದರೆ ಮೊಟ್ಟೆ ಸಾಯುತ್ತದೆ. ಬ್ಯಾಕ್ಟೀರಿಯಾ ಇರುವ ಹೆಣ್ಣು ಯಾವ ಗಂಡಿನ ಜೊತೆ ಕೂಡಿದರೂ ಮರಿ ಆಗುತ್ತದೆ. ಹೀಗೆ ತಲೆಮಾರು ಕಳೆದಂತೆ ಬ್ಯಾಕ್ಟೀರಿಯಾ ಹೊತ್ತವರೇ ಹೆಚ್ಚುತ್ತಾರೆ. ಕೆಲವು ಕೀಟಗಳಲ್ಲಿ ಅದು ಗಂಡು ಮರಿಗಳನ್ನೇ ಕೊಲ್ಲುತ್ತದೆ. ಇನ್ನು ಕೆಲವು ಕಣಜಗಳಲ್ಲಿ ಗಂಡಿಲ್ಲದೆ ಹೆಣ್ಣೇ ಹುಟ್ಟುವಂತೆ ಮಾಡುತ್ತದೆ.

ಊಜಿಯಲ್ಲಿ ಇದನ್ನು ಪರೀಕ್ಷಿಸಿದ್ದು ಬೆಂಗಳೂರು ವಿಶ್ವವಿದ್ಯಾಲಯದ ಪುಟ್ಟರಾಜು ಮತ್ತು ಪ್ರಕಾಶ್. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಔಷಧಿ ಕೊಟ್ಟು ನೊಣದೊಳಗಿನ ಬ್ಯಾಕ್ಟೀರಿಯಾ ತೆಗೆದರು. ಆ ನೊಣಗಳ ಮೊಟ್ಟೆ ಕಡಿಮೆಯಾಯಿತು, ಬ್ಯಾಕ್ಟೀರಿಯಾ ಇರುವ ಮತ್ತು ಇಲ್ಲದ ನೊಣಗಳ ಜೋಡಿಯಲ್ಲಿ ಸಂತಾನ ಕೆಟ್ಟಿತು, ಗಂಡು ಹೆಣ್ಣಿನ ಪ್ರಮಾಣ ಏರುಪೇರಾಯಿತು. 2005ರಲ್ಲಿ ಇದು ಪ್ರಕಟವಾಯಿತು. ನಮ್ಮ ಬೆಳೆ ತಿನ್ನುವ ನೊಣದ ವಂಶ ಒಂದು ಕಾಣದ ಜೀವಿಯನ್ನು ನೆಚ್ಚಿಕೊಂಡಿದೆ ಎಂದಾಯಿತು.

ಹಾಗಾದರೆ ಇದನ್ನೇ ಊಜಿಯ ಮೇಲೆ ತಿರುಗಿಸಬಹುದಲ್ಲ? ಸೊಳ್ಳೆಯಲ್ಲಿ ಅದು ಆಗಿದೆ. 1967ರಲ್ಲಿ ಬರ್ಮಾದ ಒಕ್ಪೊ ಎಂಬ ಹಳ್ಳಿಯಲ್ಲಿ ಲಾವೆನ್ ಹೊಂದದ ಗಂಡು ಸೊಳ್ಳೆಗಳನ್ನು ಬಿಟ್ಟು, ಕೆಲವೇ ವಾರಗಳಲ್ಲಿ ಮೊಟ್ಟೆಗಳು ಒಡೆಯದಂತೆ ಮಾಡಿದರು. ದೆಹಲಿಯಲ್ಲೂ ಇಂಥ ಸೊಳ್ಳೆ ಯೋಜನೆ ನಡೆಯಿತು. ಅಮೆರಿಕದ ಹಣ ಯಾಕೆ, ಇದು ಜೈವಿಕ ಯುದ್ಧದ ತಯಾರಿಯೇ ಎಂಬ ಅನುಮಾನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಎದ್ದು 1975ರಲ್ಲಿ ನಿಂತುಹೋಯಿತು. ಅನುಮಾನ ಸರಿಯೋ ತಪ್ಪೋ, ಜನರಿಗೆ ಮೊದಲೇ ಬಿಡಿಸಿ ಹೇಳದಿದ್ದರೆ ಒಳ್ಳೆಯ ಕೆಲಸವೂ ಉಳಿಯುವುದಿಲ್ಲ ಎಂಬ ಪಾಠ ಮಾತ್ರ ಉಳಿಯಿತು. ನಾಳೆ ನಮ್ಮೂರಿಗೆ ಯಾರಾದರೂ ನೊಣ ಬಿಡಲು ಬಂದರೆ ಏನು, ಯಾಕೆ, ಯಾರ ಹಣ ಎಂದು ಕೇಳುವ ಹಕ್ಕು ನಮಗಿದೆ.

ಅಲ್ಲಿಯವರೆಗೆ ಹಳೆಯ ದಾರಿಯೇ ದಾರಿ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಬೇಕು. ಹೊರಬಂದ ಮರಿಗಳನ್ನು ಮಣ್ಣಿಗೆ ಸೇರುವ ಮೊದಲೇ ಆರಿಸಿ ಕೊಲ್ಲಬೇಕು. ಊಜಿಯ ಕೋಶದಲ್ಲಿ ಮೊಟ್ಟೆ ಇಡುವ ನೆಸೊಲಿಂಕ್ಸ್ ಕಣಜವನ್ನು ಹುಳು ಮನೆಯಲ್ಲಿ ಬಿಡಬೇಕು. ಒಬ್ಬರು ಮಾಡಿ ಪಕ್ಕದ ಮನೆಯವರು ಬಿಟ್ಟರೆ ನೊಣ ಹಾರಿ ಬರುತ್ತದೆ. ಮಾಡುವುದಾದರೆ ಊರೆಲ್ಲ ಒಟ್ಟಿಗೆ ಮಾಡಬೇಕು.