ಖಾಲಿ ಬಿಟ್ಟ ವಕ್ಫ್ ನೆಲ ಮತ್ತು ಒಂದು ಗೇಣಿನ ಲೆಕ್ಕ

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೆಲದ ಬೆಲೆಯೇ ಬದಲಾಯಿತು. ಅದುವರೆಗೆ ಊರಾಚೆ ಬೇಲಿಯಿಲ್ಲದೆ ಬಿದ್ದಿದ್ದ ಜಾಗಗಳನ್ನು ಹುಡುಕಿಕೊಂಡು ಜನ ಬಂದರು. ನಮ್ಮ ಹಿರಿಯರು ಕಬರಸ್ತಾನಕ್ಕೆಂದೋ ಮಸೀದಿಯ ಖರ್ಚಿಗೆಂದೋ ಬಿಟ್ಟುಹೋದ ನೆಲವೂ ಅವುಗಳಲ್ಲಿತ್ತು. 2012ರಲ್ಲಿ ಅನ್ವರ್ ಮಾಣಿಪ್ಪಾಡಿಯವರ ನೇತೃತ್ವದ ರಾಜ್ಯ ಅಲ್ಪಸಂಖ್ಯಾತರ ಆಯೋಗ ಸರಕಾರಕ್ಕೆ ವರದಿ ಸಲ್ಲಿಸಿ, ರಾಜ್ಯದ ಸುಮಾರು 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ 27 ಸಾವಿರ ಎಕರೆ ಕೈತಪ್ಪಿದೆ ಎಂದು ಆರೋಪಿಸಿತು. ಆ ಅಂಕಿಗಳ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಆದರೆ ವರದಿಯ ಬೆರಳು ಹೊರಗಿನವರತ್ತ ಮಾತ್ರ ತೋರಲಿಲ್ಲ, ಸಮುದಾಯದ ಮುಖಂಡರತ್ತಲೂ ತೋರಿತು ಎಂಬುದನ್ನು ನಾವು ಮರೆಯಬಾರದು.

ಖೈಬರ್‌ನಲ್ಲಿ ತಮಗೆ ದೊರೆತ ಉತ್ತಮ ಭೂಮಿಯನ್ನು ಏನು ಮಾಡಲಿ ಎಂದು ಹ. ಉಮರ್(ರ) ಪ್ರವಾದಿ(ಸ)ಯವರಲ್ಲಿ ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವಂತೆ ಸಲಹೆ ದೊರೆಯಿತು. ಅದನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅದೇ ಉಮರ್(ರ) ಖಲೀಫರಾದಾಗ, ಅಕೀಕ್ ಕಣಿವೆಯಲ್ಲಿ ಬಿಲಾಲ್ ಬಿನ್ ಹಾರಿಸ್(ರ) ಅವರಿಗೆ ಹಿಂದೆ ದೊರೆತಿದ್ದ ವಿಶಾಲ ಭೂಮಿಯಲ್ಲಿ ಸಾಗುವಳಿ ಮಾಡಲಾಗದ ಭಾಗವನ್ನು ಹಿಂದಕ್ಕೆ ಪಡೆದು ಜನರಿಗೆ ಹಂಚಿದರು. ಎರಡೂ ಒಬ್ಬರೇ ಮಾಡಿದ ಕೆಲಸ. ನೆಲವನ್ನು ಕಾಯಬೇಕು, ಪಾಳು ಬಿಡಲೂಬಾರದು ಎಂಬುದು ಅವರ ದೃಷ್ಟಿಯಾಗಿತ್ತು. ನಾವಾದರೋ ಸಮಿತಿಯ ಚುನಾವಣೆಗೆ ತೋರುವ ಉತ್ಸಾಹದ ಕಾಲುಭಾಗವನ್ನೂ ಬೇಲಿಗೆ ತೋರಿಲ್ಲ.

ಈಗ ಈ ಅಲಕ್ಷ್ಯ ದುಬಾರಿಯಾಗಿದೆ. ಬೇರೊಬ್ಬರ ಜಾಗದಲ್ಲಿ ಬಹಿರಂಗವಾಗಿ, ಅವರ ಹಕ್ಕನ್ನು ಧಿಕ್ಕರಿಸಿ, ನಿರಂತರವಾಗಿ ಹನ್ನೆರಡು ವರ್ಷ ನೆಲೆನಿಂತವನು ಆ ಜಾಗದ ಒಡೆತನ ಕೇಳಲು 1963ರ ಕಾಲಮಿತಿ ಕಾಯ್ದೆ ಅವಕಾಶ ಕೊಡುತ್ತದೆ. 1995ರ ವಕ್ಫ್ ಕಾಯ್ದೆಯ 107ನೇ ಸೆಕ್ಷನ್ ವಕ್ಫ್ ಆಸ್ತಿಯನ್ನು ಈ ಮಿತಿಯಿಂದ ಹೊರಗಿಟ್ಟಿತ್ತು. 2025ರ ತಿದ್ದುಪಡಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಅಂದರೆ ಮುತವಲ್ಲಿಯ ನಿದ್ರೆಯೂ ಇನ್ನು ಎದುರಾಳಿಯ ಸಾಕ್ಷಿಯಾಗಬಲ್ಲದು.

ಆದ್ದರಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಬೇಕು. ಪಹಣಿಯನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡಬೇಕು. ಕರುಣೆಯಿಂದ ಮೂಲೆಯಲ್ಲಿ ಯಾರಿಗಾದರೂ ಇರಲು ಬಿಟ್ಟರೆ, ಅನುಮತಿಯ ಮೇರೆಗೆ ಇದ್ದಾರೆಂದು ಬರೆಸಿಕೊಳ್ಳಬೇಕು. ಅನುಮತಿಯಿಂದ ಇರುವವನ ವಾಸ ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಅಕ್ರಮವಾಗಿ ನೆಲೆಯೂರಿದವರನ್ನು ಹುಡುಗರನ್ನು ಕಟ್ಟಿಕೊಂಡು ಹೊರಗಟ್ಟುವುದು ಮಾತ್ರ ಬೇಡ. ಕಾನೂನುಕ್ರಮವಿಲ್ಲದೆ ಹೊರದಬ್ಬಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಲ್ಲನು. ಅಲ್ಲಿ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ವಕ್ಫ್ ಮಂಡಳಿಯ ನೋಟಿಸು, ನಂತರ ನ್ಯಾಯಮಂಡಳಿ, ಇದೇ ದಾರಿ, ನಿಧಾನದ ದಾರಿ.

ನಮ್ಮ ದಾಖಲೆಯೂ ಶುದ್ಧವಿರಬೇಕು. 2024ರಲ್ಲಿ ವಿಜಯಪುರದ ರೈತರಿಗೆ ಹೋದ ನೋಟಿಸುಗಳನ್ನು ಸರಕಾರ ಹಿಂಪಡೆಯಬೇಕಾಯಿತು. ಅನ್ಯಾಯವಾಗಿ ಒಂದು ಗೇಣು ನೆಲ ಕಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುತ್ತದೆಂಬ ಪ್ರವಾದಿ(ಸ)ಯವರ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಮದೀನಾದಲ್ಲಿ ಅರ್ವಾ ಎಂಬ ಮಹಿಳೆ ತನ್ನ ಜಮೀನನ್ನು ಸಈದ್ ಬಿನ್ ಝೈದ್(ರ) ಕಬಳಿಸಿದರೆಂದು ಮರ್ವಾನನಲ್ಲಿ ದೂರಿದಳು. ಆ ಎಚ್ಚರಿಕೆಯನ್ನು ಸ್ವತಃ ಕೇಳಿದ್ದ ನಾನು ಹಾಗೆ ಮಾಡುವೆನೇ ಎಂದ ಸಈದ್(ರ), ವಿವಾದದ ನೆಲವನ್ನು ಆಕೆಗೇ ಬಿಟ್ಟುಕೊಟ್ಟರು.