ದಿ ವ್ಯಾಲಿ ಸ್ಕೂಲ್, ಬೆಂಗಳೂರು

ದಿ ವ್ಯಾಲಿ ಸ್ಕೂಲ್ ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಬನಶಂಕರಿಯಿಂದ ಮುಂದೆ ಸಾಗುವ ಕನಕಪುರ ರಸ್ತೆಯಲ್ಲಿ ತಾತಗುಣಿಯ ಸಮೀಪವಿರುವ ಖಾಸಗಿ ಶಾಲೆ. ತತ್ತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರ (1895–1986) ಶಿಕ್ಷಣ ವಿಚಾರಗಳನ್ನು ಆಧರಿಸಿ 1978ರಲ್ಲಿ ಆರಂಭವಾಯಿತು. ಇದನ್ನು ನಡೆಸುತ್ತಿರುವ ಕೃಷ್ಣಮೂರ್ತಿ ಫೌಂಡೇಶನ್ ಇಂಡಿಯಾ ಸಂಸ್ಥೆಗೆ ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯೂ ಸೇರಿದೆ.

ಶಿಕ್ಷಣ ಕ್ರಮ

ಹೋಲಿಕೆ ಮತ್ತು ಸ್ಪರ್ಧೆ ಮಕ್ಕಳಲ್ಲಿ ಭಯವನ್ನು ಹುಟ್ಟಿಸುತ್ತವೆ, ಭಯವಿದ್ದಲ್ಲಿ ನಿಜವಾದ ಕಲಿಕೆ ನಡೆಯದು ಎಂಬುದು ಕೃಷ್ಣಮೂರ್ತಿಯವರ ನಿಲುವು. 1978ರಿಂದ ತಮ್ಮ ಶಾಲೆಗಳಿಗೆ ಬರೆದ ಪತ್ರಗಳಲ್ಲಿಯೂ ಅವರು ಇದನ್ನು ವಿವರಿಸಿದ್ದಾರೆ. ಆದ್ದರಿಂದ ಇಲ್ಲಿ ಕೆಳಗಿನ ತರಗತಿಗಳಲ್ಲಿ ಪರೀಕ್ಷೆ ಹಾಗೂ ರ‍್ಯಾಂಕುಗಳಿಗೆ ಪ್ರಾಶಸ್ತ್ಯವಿಲ್ಲ. ಆದರೆ ಕಾಲೇಜು ಪ್ರವೇಶಕ್ಕೆ ಅಂಕಪಟ್ಟಿ ಅನಿವಾರ್ಯ. ಹೀಗಾಗಿ ಹಿರಿಯ ವಿದ್ಯಾರ್ಥಿಗಳು ಹತ್ತನೆಯ ತರಗತಿಯಲ್ಲಿ ಐಸಿಎಸ್‌ಇ, ಹನ್ನೆರಡನೆಯ ತರಗತಿಯಲ್ಲಿ ಐಎಸ್‌ಸಿ ಪರೀಕ್ಷೆ ಬರೆಯುತ್ತಾರೆ. ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ನಂತರ ಪದವಿಪೂರ್ವ ಕಾಲೇಜಿನಲ್ಲಿ ಓದುವ ಎರಡು ವರ್ಷಗಳ ಶಿಕ್ಷಣ ಇಲ್ಲಿ ಶಾಲೆಯಲ್ಲಿಯೇ ಮುಂದುವರಿಯುತ್ತದೆ. ಸ್ಪರ್ಧೆಯನ್ನು ಒಪ್ಪದ ಶಾಲೆಯು ಸ್ಪರ್ಧಾತ್ಮಕ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸಬೇಕಾಗಿರುವುದು ಈ ಪದ್ಧತಿಯ ಮುಖ್ಯ ಸವಾಲು.

ವಿದ್ಯಾರ್ಥಿ ಜೀವನ

ಪಠ್ಯವಿಷಯಗಳೊಂದಿಗೆ ಕಲೆ ಮತ್ತು ಕರಕುಶಲಕ್ಕೂ ಸ್ಥಾನವಿದೆ. ಆವರಣದಲ್ಲಿರುವ 'ಆರ್ಟ್ ವಿಲೇಜ್'ನಲ್ಲಿ ಕುಂಬಾರಿಕೆ ಮೊದಲಾದ ಕೈಕಸುಬುಗಳನ್ನು ಕಲಿಸಲಾಗುತ್ತದೆ. ಕೃಷ್ಣಮೂರ್ತಿಯವರ ವಿಚಾರಗಳ ಅಧ್ಯಯನಕ್ಕೆ ಪ್ರತ್ಯೇಕ ಅಧ್ಯಯನ ಕೇಂದ್ರವಿದೆ.

ಪರಿಸರ

ಶಾಲೆಯ ಸುತ್ತಲಿನ ಕುರುಚಲು ಕಾಡು ಬೆಂಗಳೂರಿನ ಪಕ್ಷಿವೀಕ್ಷಕರಿಗೆ 'ವ್ಯಾಲಿ ಸ್ಕೂಲ್' ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ನಿಸರ್ಗದ ಸೂಕ್ಷ್ಮ ಅವಲೋಕನವೂ ಕಲಿಕೆಯ ಭಾಗವೆಂದು ಕೃಷ್ಣಮೂರ್ತಿಯವರು ಭಾವಿಸಿದ್ದರು.